ವಿದರ್ಬೆಕ್ಕಿನಲ್ಲಿ ಯಾರಿಗೂ ಕಷ್ಟವಿರಲಿಲ್ಲ

ವಿದರ್ಬೆಕ್
ಏಪ್ರಿಲ್ ೨, ೧೯೮೪

ಪ್ರಿಯ ಎನಿಡ್,

ಲಕೋಟೆಯ ಮೇಲಿನ ಕೈಬರಹವನ್ನು ಕಂಡೊಡನೆ ಒಲೆಗೆ ಹಾಕದೆ ಇಲ್ಲಿಯವರೆಗೆ ಓದಿದ್ದೀಯಾದರೆ, ದಯವಿಟ್ಟು ಇನ್ನು ಸ್ವಲ್ಪ ಓದು. ನಿನ್ನ ಯಾರ್ಕಿನ ವಿಳಾಸವನ್ನು ನಿನ್ನ ಸೋದರತ್ತೆಯ ಮಗಳು ಕೊಟ್ಟಳು.

ನಮ್ಮ ರೈಲು ನಿಲ್ದಾಣವನ್ನು ಊರಿನ ಸಮಿತಿಯು ಕೊಂಡುಕೊಂಡಿದೆ. ಹಳಿಗಳನ್ನು ಕಿತ್ತೊಯ್ದ ಮೇಲೆ ಆ ಕಟ್ಟಡದಲ್ಲಿ ಮೊದಲು ಗೊಬ್ಬರದ ಚೀಲಗಳಿದ್ದವು, ಅನಂತರ ಕುರಿಗಳಿದ್ದವು, ಅನಂತರ ಏನೂ ಇರಲಿಲ್ಲ. ಈಗ ಚಾವಣಿ ಹೊಸದಾಗಿದೆ. ಪ್ರಯಾಣಿಕರು ಕಾಯುತ್ತಿದ್ದ ಕೊಠಡಿಯಲ್ಲಿ ಚಹಾದಂಗಡಿ ನಡೆಯಲಿದೆ. ಟಿಕೆಟ್ ಕೊಡುತ್ತಿದ್ದ ಕೊಠಡಿಯ ಗೋಡೆಗೆ ನಿಲ್ದಾಣದ ಚರಿತ್ರೆಯ ಫಲಕವೊಂದನ್ನು ಹಾಕುವರು. ಬರುವ ಅಕ್ಟೋಬರಿಗೆ ಕೊನೆಯ ರೈಲು ಹೋಗಿ ಇಪ್ಪತ್ತು ವರ್ಷಗಳಾಗುವುದರಿಂದ ಆ ವಾರವೇ ಪ್ರಾರಂಭೋತ್ಸವ. ಫಲಕವನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಉಳಿದಿರುವ ಹಳಬರಲ್ಲಿ ಅಕ್ಷರ ದುಂಡಗಿರುವವಳು ನಾನೊಬ್ಬಳೇ ಎಂಬುದಷ್ಟೇ ಇದಕ್ಕೆ ಕಾರಣ. ಕರಡು ಹೀಗಿದೆ:

“ವಿದರ್ಬೆಕ್ ನಿಲ್ದಾಣವು ೧೮೬೬ರಲ್ಲಿ ತೆರೆಯಿತು. ಉಣ್ಣೆ, ಹಾಲು, ಸುಣ್ಣಕಲ್ಲು, ದೂರ ಒಯ್ದು ಮನೆಯತ್ತ ಹಾರಿಬಿಡುವ ಪಂದ್ಯದ ಪಾರಿವಾಳಗಳು ಇಲ್ಲಿಂದ ಹೊರಗೆ ಹೋಗುತ್ತಿದ್ದವು. ಕಲ್ಲಿದ್ದಲು, ಪತ್ರಿಕೆಗಳು, ಅಳಿಯಂದಿರು ಒಳಗೆ ಬರುತ್ತಿದ್ದರು. ಕೊನೆಯ ಸ್ಟೇಷನ್ ಮಾಸ್ತರರಾದ ಎಡ್ಗರ್ ಗಾರ್ಬಟ್ ಅವರ ಗುಲಾಬಿಗಳು ಜಿಲ್ಲೆಗೇ ಹೆಸರಾಗಿದ್ದವು. ರೈಲು ಹಿಂದಿನ ನಿಲ್ದಾಣವನ್ನು ಬಿಟ್ಟಿತೆಂದು ತಂತಿ ಬಂದೊಡನೆ ಅವರು ಕೈಗಂಟೆಯನ್ನು ಬಾರಿಸುತ್ತಿದ್ದರು. ಸಂತೆಯ ದಿನವಾದ ಬುಧವಾರ ಎರಡು ಸಲ. ನಿಲ್ದಾಣವನ್ನು ಮುಚ್ಚುವ ನಿರ್ಧಾರದ ವಿರುದ್ಧ ಊರಿನವರೆಲ್ಲರೂ ಒಕ್ಕೊರಲಿನಿಂದ ಹೋರಾಡಿದರೂ ಅಧಿಕಾರಿಗಳು ಕಿವಿಗೊಡಲಿಲ್ಲ.”

ನಿನ್ನ ತಂದೆಯವರು ಬಾರಿಸುತ್ತಿದ್ದ ಆ ಕೈಗಂಟೆ ನಿನ್ನಲ್ಲಿದೆಯೆಂದು ಕೇಳಿದ್ದೇನೆ. ಅದನ್ನು ಫಲಕದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂದು ಸಮಿತಿಯ ಆಸೆ. ನೀನೂ ಬರಬೇಕೆಂದು ಕೋರಿಕೆ.

ಇಂತಿ ವಿಶ್ವಾಸದ,
ವಿನಿಫ್ರೆಡ್ ಡೌಸನ್


ಯಾರ್ಕ್
ಏಪ್ರಿಲ್ ೭, ೧೯೮೪

ವಿನಿಫ್ರೆಡ್,

ಒಲೆಗೆ ಹಾಕಲಿಲ್ಲ. ಹಾಕಿದ್ದರೆ ಕರಡಿನ ಕೊನೆಯ ವಾಕ್ಯವನ್ನು ಓದುವ ಭಾಗ್ಯ ತಪ್ಪುತ್ತಿತ್ತು. ಒಕ್ಕೊರಲಿನಿಂದ ಹೋರಾಡಿದರು! ಇದನ್ನು ಬರೆಯುವಾಗ ನಿನಗೆ ನಾಚಿಕೆಯಾಗಲಿಲ್ಲವೇ?

ಆ ದಿನ ಶಾಲೆಯ ದೊಡ್ಡ ಕೊಠಡಿಯಲ್ಲಿ ನಡೆದುದನ್ನು ಫಲಕದಲ್ಲಿ ಬರೆಯಲು ನಿನಗೆ ಮನಸ್ಸಿಲ್ಲವಾದರೆ ನಾನು ಬರೆಯುತ್ತೇನೆ, ಓದಿಕೊ. ನಿಲ್ದಾಣ ಮುಚ್ಚುವ ಬಗ್ಗೆ ಊರಿನವರ ಅಹವಾಲು ಕೇಳಲು ಬಂದಿದ್ದ ವಿಚಾರಣಾ ಸಮಿತಿಯ ಅಧ್ಯಕ್ಷರು ನಿಯಮವನ್ನು ಮೊದಲೇ ಸ್ಪಷ್ಟಪಡಿಸಿದರು. ನಿಲ್ದಾಣವನ್ನು ಮುಚ್ಚಿದರೆ ತನಗೆ ಯಾವ ಕಷ್ಟವಾಗುವುದೆಂದು ಪ್ರಯಾಣಿಕನು ತಾನೇ ಎದ್ದು ಹೇಳಿದರೆ ಮಾತ್ರ ಅದನ್ನು ಬರೆದುಕೊಳ್ಳುವರು. ಲಾಭನಷ್ಟದ ಮಾತು ಬೇಡ, ಚರಿತ್ರೆಯ ಮಾತು ಬೇಡ, ನೆರೆಮನೆಯವರ ಕಷ್ಟವೂ ಬೇಡ. ಅವರವರ ಕಷ್ಟ, ಅವರವರ ಬಾಯಿಂದ. ಇದನ್ನು ತಿಳಿದೇ ನಾನು ಮನೆಮನೆಗೆ ಅಲೆದಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ನೀನೂ.

ಮೊದಲು ಪಾದ್ರಿಗಳು ಎದ್ದು ಈ ರೈಲುಹಾದಿಯನ್ನು ಹಾಕಿದ ಕಥೆಯನ್ನು ಆರಂಭಿಸಿದರು. ಅಧ್ಯಕ್ಷರು ತಡೆದು, “ನಿಮಗೆ ಸ್ವಂತ ಏನಾದ್ರೂ ಕಷ್ಟ ಆಗತ್ತಾ, ಪಾದ್ರಿಗಳೇ?” ಎಂದರು.

“ನನಗಾ? ನನಗೇನು, ಸೈಕಲ್ ಇದೆ!”

ಅನಂತರ ನಿನ್ನ ಸರದಿ. ನಿನ್ನನ್ನು ಮುಂದಿಟ್ಟವಳು ನಾನೇ. ನೀನು ಬಾಯಿಬಿಟ್ಟರೆ ಮಿಕ್ಕವರೂ ಬಿಡುವರೆಂಬ ಲೆಕ್ಕಾಚಾರ.

“ಡೌಸನ್ ಅಮ್ಮನವರೇ, ನೀವು ಪ್ರತಿ ಬುಧವಾರ ಥಾರ್ಸ್‌ಬಿಗೆ ಹೋಗ್ತೀರಂತೆ. ಯಾತಕ್ಕೆ?”

“ಸಂತೆಗೆ.”

“ರೈಲು ನಿಂತ್ರೆ ಏನ್ಮಾಡ್ತೀರಿ?”

ನೀನು ಅವರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕೊಠಡಿಯ ಹಿಂಬದಿಯತ್ತ ಕಣ್ಣು ನೆಟ್ಟು, “ಹೇಗೋ ನಿಭಾಯಿಸ್ತೀವಿ ಬಿಡಿ” ಎಂದು ಹೇಳಿ ಕುಳಿತೆ.

ಮುಗಿಯಿತು. ಅದಾದ ಮೇಲೆ ಯಾರಿಗೆ ತಾನೇ ಧೈರ್ಯ? ಗಂಡ ಊರಲ್ಲಿಲ್ಲದ ನೀನೇ ನಿಭಾಯಿಸುವೆಯಾದರೆ ಗೋಳಿಡುವುದು ಮಿಕ್ಕವರ ಮಾನಕ್ಕೆ ಕುಂದಲ್ಲವೇ? ಜೋನಸ್ ಮೆಟ್‌ಕಾಫ್ ಎದ್ದು, “ಕಷ್ಟ ಆಗೋದು ನನ್ನ ಪಾರಿವಾಳಗಳಿಗೆ, ಸ್ವಾಮಿ” ಎಂದ.

“ಪಾರಿವಾಳಗಳು ಪ್ರಯಾಣಿಕರಲ್ಲ.”

“ದುಡ್ಡು ಕೊಟ್ಟೇ ಹೋಗ್ತಾವೆ! ನಿಮ್ಮ ರೈಲಿಗಿಂತ ಮುಂಚೆ ಮನೆಗೂ ಬರ್ತಾವೆ.”

“ನಿಮಗೆ ಕಷ್ಟ ಏನು ಅಂತ ಹೇಳಿ.”

“ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ, ಕಾಣಲ್ವಾ?”

ಅಪ್ಪ ಕಾಲ್ಮಣೆಯಿಟ್ಟು, ತೋಳು ಹಿಡಿದು ಗಾಡಿಗೆ ಹತ್ತಿಸುತ್ತಿದ್ದ ಆ ಲಂಬ್ ಅಜ್ಜಿ ಸಹ ತನ್ನ ಊದಿದ ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡು, “ನಾನು ಗೋಳಾಡೋಳಲ್ಲಪ್ಪ. ನನಗಿಂತ ಕಷ್ಟದಲ್ಲಿರೋರು ಬೇಕಾದಷ್ಟು ಜನ ಇದಾರೆ” ಎಂದಳು. ಅವರು ಯಾರೆಂದು ಕೇಳಿದರೆ, “ಅವರೇ ಹೇಳ್ಕೋಬೇಕು” ಎಂದಳು.

ಆ ವಿಚಾರಣಾ ಸಮಿತಿಯ ವರದಿಯಲ್ಲಿ ಏನಿತ್ತು? ವಿದರ್ಬೆಕ್ಕಿನಲ್ಲಿ ಯಾರಿಗೂ ಗಣನೀಯವಾದ ಕಷ್ಟವಾಗುವುದು ಕಂಡುಬರಲಿಲ್ಲ.

ಅಪ್ಪ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ರೈಲ್ವೆಯ ನೌಕರನಾದುದರಿಂದ ಬಾಯಿ ತೆರೆಯುವಂತಿರಲಿಲ್ಲ. ಮುಂದಿನ ವರ್ಷ ನಿಲ್ದಾಣದ ಮನೆಯನ್ನೂ ಗುಲಾಬಿಗಳನ್ನೂ ಬಿಡಿಸಿ, ಅವನನ್ನು ಇಲ್ಲಿಯ ದೊಡ್ಡ ನಿಲ್ದಾಣದಲ್ಲಿ ಟಿಕೆಟ್ ಹರಿದುಕೊಳ್ಳಲು ನಿಲ್ಲಿಸಿದರು. ಒಬ್ಬನೇ ಒಬ್ಬ ಪ್ರಯಾಣಿಕನೂ ಅವನ ಮುಖವನ್ನು ನೋಡಿರಲಿಕ್ಕಿಲ್ಲ. ಮೂರನೆಯ ಚಳಿಗಾಲವನ್ನು ಅವನು ದಾಟಲಿಲ್ಲ.

ಗಂಟೆಯನ್ನು ಕೊಡುವುದಿಲ್ಲ.

ಎನಿಡ್ ಗಾರ್ಬಟ್


ವಿದರ್ಬೆಕ್
ಏಪ್ರಿಲ್ ೧೬, ೧೯೮೪

ಎನಿಡ್,

ಗಂಟೆ ರೈಲ್ವೆಯದು, ನಿನ್ನ ತಂದೆಯವರದಲ್ಲ. ಅವರು ಅದನ್ನು ಕೋಟಿನೊಳಗೆ ಅಡಗಿಸಿಕೊಂಡು ಹೋದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಲಗೆ ಅಲುಗಿ ಸದ್ದಾಗದಂತೆ ಅದಕ್ಕೆ ಕೈವಸ್ತ್ರವನ್ನು ಸುತ್ತಿದ್ದರು.

ನೀನು ಮನೆಮನೆಗೆ ಅಲೆದುದು ನಿಜ. ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು, “ಬರ್ತೀಯಲ್ಲ ವಿನ್ನಿ? ಬಂದೇ ಬರ್ತೀಯ, ನಂಗೊತ್ತು” ಎಂದೆ. ಉತ್ತರಕ್ಕೆ ಕಾಯದೆ ಪಕ್ಕದ ಮನೆಗೆ ನಡೆದೆ. ಬರುವುದು ಬೇರೆ, ಹೇಳುವುದು ಬೇರೆ. ಹೇಳಬಲ್ಲೆಯಾ ಎಂದು ನೀನು ಕೇಳಲೇ ಇಲ್ಲ.

ವಾಕ್ಯವು ಇದ್ದ ಹಾಗೆಯೇ ಇರುವುದು. ಸಮಿತಿಗೆ ಅದು ಹಿಡಿಸಿದೆ.

ವಿ. ಡೌಸನ್


ಯಾರ್ಕ್
ಮೇ ೧೧, ೧೯೮೪

ವಿನಿಫ್ರೆಡ್,

ಸಮಿತಿಗೆ ಹಿಡಿಸದೆ ಏನು? ಸುಳ್ಳನ್ನು ಚಹಾದೊಂದಿಗೆ ಮಾರಬಹುದು, ನಿಜವನ್ನು ಮಾರಲಾಗದು.

ನಿಮ್ಮ ಸಮಿತಿಗೆ ಕೊನೆಯ ರೈಲಿನ ಸಂಗತಿಯೂ ಬಹಳ ಹಿಡಿಸಬಹುದು, ಅದನ್ನೂ ಬರೆ. ಊರಿಗೆ ಊರೇ ನೆರೆದಿತ್ತು. ರೈಲಿನ ಮುಖವನ್ನೇ ನೋಡದೆ ಕಾರು ಕೊಂಡು ಓಡಾಡುತ್ತಿದ್ದ ಮಹನೀಯರು ಶವಯಾತ್ರೆಗೆಂಬಂತೆ ಕರಿಯ ಟೋಪಿ ಧರಿಸಿ, ಎಂಜಿನ್ನಿನ ಮೂತಿಗೆ ಹೂವಿನ ಚಕ್ರವನ್ನು ಕಟ್ಟಿದರು. ಮಂಜಿನ ದಿನಗಳಲ್ಲಿ ಚಾಲಕನನ್ನು ಎಚ್ಚರಿಸಲು ಹಳಿಯ ಮೇಲಿಡುವ ಸಿಡಿಬಿಲ್ಲೆಗಳನ್ನು ಉದ್ದಕ್ಕೂ ಇಟ್ಟು ಢಂ ಢಂ ಎನಿಸಿದರು. ವಾದ್ಯದವರು ಬಂದಿದ್ದರು. ಟಿಕೆಟುಗಳೆಲ್ಲ ಮುಗಿದುಹೋಗಿ ಅಪ್ಪ ಕಾಗದದ ಚೂರುಗಳಿಗೆ ಸಹಿ ಹಾಕಿ ಕೊಡಬೇಕಾಯಿತು. ಜೋನಸ್ ಅವನ ಬೆನ್ನು ತಟ್ಟಿ, “ಏನ್ ಜನ ಎಡ್ಗರ್! ನೋಡಿದ್ಯಾ?” ಎಂದ.

“ನೋಡ್ದೆ” ಎಂದ ಅಪ್ಪ. “ಎಲ್ಲಿದ್ರಪ್ಪ ಇಷ್ಟು ದಿನ ಇವರೆಲ್ಲ?”

ಜೀವನದಲ್ಲಿ ಅವನು ಒಬ್ಬರಿಗೆ ಕಟುವಾಗಿ ಆಡಿದ ಮಾತೆಂದರೆ ನನಗೆ ತಿಳಿದಂತೆ ಅದೊಂದೇ. ಜೋನಸ್ ಅದನ್ನು ತಮಾಷೆಯೆಂದು ತಿಳಿದು ನಕ್ಕ.

ಆದುದರಿಂದ ಕೇಳು. ಎರಡರಲ್ಲಿ ಒಂದು ಆಗಬೇಕು. ಫಲಕದಿಂದ ಆ ವಾಕ್ಯವನ್ನು ತೆಗೆದು, ವಿಚಾರಣೆಯ ದಿನ ಊರು ಬಾಯಿ ಮುಚ್ಚಿಕೊಂಡಿತ್ತೆಂದೂ, ನೀನು ಏನೆಂದೆಯೆಂದೂ ನಿನ್ನ ದುಂಡಗಿನ ಅಕ್ಷರದಲ್ಲಿ ಬರೆ. ಇಲ್ಲವಾದರೆ ಪ್ರಾರಂಭೋತ್ಸವಕ್ಕೆ ನಾನೇ ಬಂದು, ಎಲ್ಲರ ಮುಂದೆ ಗಂಟೆ ಬಾರಿಸಿ, ಆ ಮಾತನ್ನು ಓದಿ ಹೇಳುತ್ತೇನೆ.

ವಾರಕ್ಕೊಮ್ಮೆ ಒಂದು ಬುಟ್ಟಿ ಮೊಟ್ಟೆ ಮಾರುವವಳು, ‘ಅದಕ್ಕೆ ರೈಲು ಬೇಕು’ ಎಂಬ ಮೂರು ಶಬ್ದಗಳನ್ನು ಆಡಲಾರದೆ ಹೋದಳು. ಆ ಮೂರು ಶಬ್ದಗಳಿಗೆ ನನ್ನ ಅಪ್ಪನ ಬದುಕನ್ನು ತೆತ್ತೆವು.

ಎನಿಡ್


ವಿದರ್ಬೆಕ್
ಜೂನ್ ೨೦, ೧೯೮೪

ಎನಿಡ್,

ನಾನು ಮೊಟ್ಟೆಗಳನ್ನು ಮಾರುತ್ತಿರಲಿಲ್ಲ.

ಇದನ್ನು ಬರೆಯಬಾರದೆಂದು ಒಂದು ತಿಂಗಳು ಹಲ್ಲು ಕಚ್ಚಿಕೊಂಡಿದ್ದೆ. ಆದರೆ ಆ ಬುಟ್ಟಿಯ ಮಾತು ಎದೆಯಲ್ಲಿ ಮುರಿದ ಮುಳ್ಳಿನಂತೆ ಕುಳಿತಿದೆ. ಕ್ಷಮೆ ಕೇಳಲು ಬರೆಯುತ್ತಿದ್ದೇನೆಂದು ತಿಳಿಯಬೇಡ. ನನಗೆ ಸಿಟ್ಟು ಬಂದಿದೆ.

ನನ್ನ ಗಂಡ ಲೆನ್, ಹಲ್ ಎಂಬ ಬಂದರಿನ ಹಡಗುಗಳಲ್ಲಿ ದುಡಿಯುತ್ತಾನೆಂದು ನೀನು ನಂಬಿದ್ದೆ. ಊರೂ ನಂಬಿತ್ತು, ನಾನೇ ನಂಬಿಸಿದ್ದೆ. ಅವನು ಹಡಗನ್ನು ಹತ್ತಿದವನಲ್ಲ. ಯುದ್ಧದಿಂದ ಮರಳಿ ಬಂದವನು ಮೊದಲು ಮಾತು ಬಿಟ್ಟ, ಆಮೇಲೆ ನಿದ್ದೆ ಬಿಟ್ಟ, ಆಮೇಲೆ ಒಂದು ದಿನ ಕೊಟ್ಟಿಗೆಯಲ್ಲಿ ನನ್ನನ್ನು ಯಾರೋ ಶತ್ರುವೆಂದು ಬಗೆದು ಕುತ್ತಿಗೆಗೆ ಕೈ ಹಾಕಿದ. ಥಾರ್ಸ್‌ಬಿಯ ಹೊರಗೆ ಗುಡ್ಡದ ಮೇಲೆ ಎತ್ತರದ ಗೋಡೆಯ ಆಸ್ಪತ್ರೆಯಿತ್ತಲ್ಲ, ನಾವು ಶಾಲೆಯಲ್ಲಿದ್ದಾಗ ಯಾರಾದರೂ ಪೆದ್ದುಪೆದ್ದಾಗಿ ಆಡಿದರೆ ‘ಗುಡ್ಡಕ್ಕೆ ಕಳಿಸ್ತಾರೆ ನೋಡು’ ಎಂದು ನೀನೂ ನಾನೂ ನಗುತ್ತಿದ್ದೆವಲ್ಲ, ಅಲ್ಲಿದ್ದ. ನೀನು ಆಗ ಲೀಡ್ಸಿನಲ್ಲಿ ಪಾಠ ಹೇಳುತ್ತಿದ್ದೆ. ನಿನ್ನ ತಾಯಿ ತೀರಿಕೊಂಡು, ನೀನು ತಂದೆಯ ಮನೆ ನೋಡಿಕೊಳ್ಳಲು ಮರಳುವ ಹೊತ್ತಿಗೆ ಹಡಗಿನ ಕಥೆ ಗಟ್ಟಿಯಾಗಿತ್ತು.

ಅವನನ್ನು ಕರೆದೊಯ್ದದ್ದು ರೈಲಿನಲ್ಲಿ. ಫೆಬ್ರವರಿ ತಿಂಗಳು, ಕೊರೆಯುವ ಚಳಿ, ಬಿಸಿಲಿನ ಸುಳಿವೂ ಇರಲಿಲ್ಲ. ನಿನ್ನ ತಂದೆಯವರು ಒಂದು ಇಡೀ ಕೋಣೆಯನ್ನು ಬೀಗ ಹಾಕಿ ಕಾದಿರಿಸಿ, ಕಿಟಕಿಯ ಪರದೆಗಳನ್ನೆಲ್ಲ ಇಳಿಸಿದ್ದರು. ಯಾರೋ ಏಕೆಂದು ಕೇಳಿದರೆ “ಬಿಸಿಲು ಬೀಳತ್ತೆ” ಎಂದರು. ತಾವೇ ಥಾರ್ಸ್‌ಬಿಯವರೆಗೆ ಬಂದರು. ಲೆನ್ ಅವರ ಕೈ ಬಿಡಲಿಲ್ಲ.

ಬುಧವಾರ ಆಸ್ಪತ್ರೆಯಲ್ಲಿ ಭೇಟಿಯ ದಿನ. ಸಂತೆಯೂ ಅಂದೇ ಇದ್ದುದು ನನ್ನ ಪುಣ್ಯ. ಬುಟ್ಟಿಯಲ್ಲಿ ಬೇಯಿಸಿದ ಮೊಟ್ಟೆಗಳೂ ಶುಂಠಿಯ ರೊಟ್ಟಿಯೂ ಇರುತ್ತಿದ್ದವು. ಅವನು ಮೇಲಿನ ಕಿಟಕಿಯಲ್ಲಿ ಕಾದಿರುತ್ತಿದ್ದ. ಅವನಿಗೆ ವಾರದ ಹೆಸರುಗಳು ಮರೆತುಹೋಗಿದ್ದವು. ದಾದಿಯು ಇಂದು ಯಾವ ವಾರವೆಂದು ಕೇಳಿದರೆ ನನ್ನತ್ತ ಬೆರಳು ತೋರಿಸುತ್ತಿದ್ದ.

ವಿಚಾರಣೆಯ ಹಿಂದಿನ ಸಂಜೆ ನಾನು ನಿಲ್ದಾಣಕ್ಕೆ ಹೋದೆ. ನಾಳೆ ಹೇಳಿಯೇ ಬಿಡುವೆನೆಂದು ಗಟ್ಟಿ ಮನಸ್ಸು ಮಾಡಿದ್ದೆ. ನಿನ್ನ ತಂದೆಯವರು ದೀಪದ ಗಾಜುಗಳನ್ನು ಒರೆಸುತ್ತಿದ್ದರು.

“ನಾಳೆ ಪತ್ರಿಕೆಯವರೂ ಬರ್ತಾರೆ, ವಿನ್ನಿ” ಎಂದರು. “ಯಾತಕ್ಕೆ ಹೋಗ್ತೀರಿ ಅಂತ ಕೇಳೇ ಕೇಳ್ತಾರೆ. ನೀನು ಹೇಳ್ಬೇಕಾಗಿಲ್ಲ ಕಣಮ್ಮ.”

“ಹೇಳ್ದಿದ್ರೆ ಸ್ಟೇಷನ್ ಮುಚ್ತಾರಲ್ಲ.”

“ಸ್ಟೇಷನ್ ಅಂದ್ರೆ ಕಲ್ಲು, ಸುಣ್ಣ. ಅವನು ಮನುಷ್ಯ. ಅವನ ಹೆಸರನ್ನ ಆ ಸಭೇಲಿ ಯಾಕೆ ಎಳೀತೀಯ? ಹೇಗೋ ನಿಭಾಯಿಸ್ತೀವಿ ಬಿಡು.”

ನಿಭಾಯಿಸ್ತೀವಿ ಎಂಬುದು ಅವರ ಮಾತು, ಎನಿಡ್. ನಾನು ಹಿಂಬದಿಗೆ ಕಣ್ಣು ನೆಟ್ಟು, ಅವರನ್ನೇ ನೋಡುತ್ತ, ಅವರ ಮಾತನ್ನೇ ಅವರಿಗೆ ಮರಳಿಸಿದೆ. ಅವರು ತಲೆಯಾಡಿಸಿದರು.

ನಿನ್ನ ತಂದೆಯವರ ಮೇಲೆ ಬಂದಷ್ಟು ಸಿಟ್ಟು ನನಗೆ ರೈಲ್ವೆಯ ಮೇಲೂ ಬಂದಿಲ್ಲ. ‘ನಾಚಿಕೆ ಬಿಡು, ನಾಳೆ ಹೇಳು’ ಎಂದು ಒಂದು ಸಲ ಗದರಿದ್ದರೆ ಸಾಕಾಗಿತ್ತು. ಅಷ್ಟು ಒಳ್ಳೆಯವರಾಗಲು ಅವರಿಗೆ ಯಾರು ಅಧಿಕಾರ ಕೊಟ್ಟರು? ಒಳ್ಳೆಯತನದಿಂದಲೇ ನನ್ನ ಬಾಯಿಗೆ ಬೀಗ ಹಾಕಿದರು. ಆ ಋಣವನ್ನು ಹೊತ್ತು, ನಿನ್ನ ದ್ವೇಷವನ್ನೂ ಹೊತ್ತು, ಇಪ್ಪತ್ತು ವರ್ಷ ಮುಚ್ಚಿಕೊಂಡು ಕುಳಿತಿದ್ದೇನೆ.

ಈಗ ಬಂದು ಗಂಟೆ ಬಾರಿಸಿ ಓದು.

ವಿನ್ನಿ


ಯಾರ್ಕ್
ಜುಲೈ ೨೯, ೧೯೮೪

ವಿನ್ನಿ,

ಮೂರು ಸಲ ಬರೆದು ಹರಿದೆ. ಇದು ಹೇಗಿರುವುದೋ ಹಾಗೆ ಬರುತ್ತದೆ.

ಅಪ್ಪ ನನಗೆ ಏನನ್ನೂ ಹೇಳಲಿಲ್ಲ. ಒಂದೇ ಸೂರಿನ ಕೆಳಗೆ ಇದ್ದೆವು. ಟಿಕೆಟ್ ಹರಿದು ಬೆರಳು ಮರಗಟ್ಟಿಸಿಕೊಂಡು ಬಂದವನಿಗೆ ಬಿಸಿನೀರು ಕಾಯಿಸಿಕೊಡುತ್ತ ನಾನು ದಿನವೂ ನಿನ್ನನ್ನು ಬಯ್ಯುತ್ತಿದ್ದೆ. ಒಮ್ಮೆಯೂ ‘ಬೇಡ ಮಗಳೇ, ಅವಳದೇನೂ ತಪ್ಪಿಲ್ಲ’ ಎನ್ನಲಿಲ್ಲ. ಕೈಯನ್ನು ಬೋಗುಣಿಯಲ್ಲಿ ಅದ್ದಿಕೊಂಡು, ಗೋಡೆಯನ್ನು ನೋಡುತ್ತ, “ಹೋಗ್ಲಿ ಬಿಡು” ಎನ್ನುತ್ತಿದ್ದ. ನಿನ್ನ ಗುಟ್ಟನ್ನು ಉಳಿಸಲು ನನ್ನ ಗೆಳತಿಯನ್ನು ಖರ್ಚು ಮಾಡಿದ. ಕೇಳಿದ್ದನೇ ನನ್ನನ್ನು?

ಬುಧವಾರ ಗಂಟೆಯನ್ನು ಎರಡು ಸಲ ಬಾರಿಸುತ್ತಿದ್ದುದು ಸಂತೆಗೆಂದು ನಾನೂ ತಿಳಿದಿದ್ದೆ, ನೀನೂ ಫಲಕದಲ್ಲಿ ಹಾಗೆಯೇ ಬರೆದೆ. ಎರಡನೆಯ ಸಲ ಅವನು ಪ್ಲಾಟ್‌ಫಾರ್ಮಿನ ತುದಿಗೆ ನಡೆದು, ಬೇಲಿಯ ಮೇಲೆ ತೋಳನ್ನು ಚಾಚಿ, ಏರಿನತ್ತ ಬಾರಿಸುತ್ತಿದ್ದ. ಏರಿನ ಮೇಲೆ ಯಾರ ಮನೆಯಿತ್ತು, ನಿನ್ನದಲ್ಲದೆ? ಸಂತೆಗೆ ಹೋಗುವವರೆಲ್ಲ ಆಗಲೇ ಬಂದು ನಿಂತಿರುತ್ತಿದ್ದರು. ನನ್ನ ಕಣ್ಣೆದುರಿಗೇ ಇಷ್ಟು ವರ್ಷ ನಡೆದುದು ನನಗೆ ಕಾಣಲಿಲ್ಲ.

ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಅವನು ಸತ್ತಾಗಲಾದರೂ ನೀನು ಬರೆಯಬಹುದಿತ್ತು. ಸತ್ತವನೊಡನೆ ಜಗಳವಾಡುವುದು ಹೇಗೆಂದು ನನಗೆ ತಿಳಿಯದು.

ಲೆನ್ ಈಗ ಎಲ್ಲಿದ್ದಾನೆ?

ಎನಿಡ್


ವಿದರ್ಬೆಕ್
ಸೆಪ್ಟೆಂಬರ್ ೧೭, ೧೯೮೪

ಎನಿಡ್,

ಲೆನ್ ೧೯೭೧ರಲ್ಲಿ ತೀರಿಕೊಂಡ. ರೈಲಿನ ಬದಲಿಗೆ ಬಸ್ಸನ್ನು ಬಿಡುವೆವೆಂದು ವಚನ ಕೊಟ್ಟಿದ್ದರಲ್ಲ, ಅದು ಒಂದು ಚಳಿಗಾಲ ಓಡಿತು. ಆಮೇಲೆ ಜನ ಸಾಲದೆಂದು ನಿಲ್ಲಿಸಿದರು. ಅದಕ್ಕೂ ಯಾರೂ ಏನೂ ಹೇಳಲಿಲ್ಲ. ನಾನು ಹೆದ್ದಾರಿಯವರೆಗೆ ನಡೆದು, ಹಾಲಿನ ಲಾರಿಯವನನ್ನು ಬೇಡಿಕೊಂಡು ಹೋಗುತ್ತಿದ್ದೆ. ಅವನು ಹತ್ತಿಸಿಕೊಂಡ ದಿನ ಭೇಟಿ, ಇಲ್ಲದ ದಿನ ಇಲ್ಲ. ಪ್ರತಿ ವಾರವಿದ್ದುದು ತಿಂಗಳಿಗೊಮ್ಮೆಯಾಯಿತು. ಹಿಮ ಬಿದ್ದರೆ ಅದೂ ಇಲ್ಲ. ಲೆನ್ ಕೆಲಕಾಲ ಕಿಟಕಿಯಲ್ಲಿ ಕಾದನಂತೆ. ಆಮೇಲೆ ಕಿಟಕಿಗೆ ಬರುವುದನ್ನೇ ಬಿಟ್ಟ. ಕಡೆಕಡೆಗೆ ನಾನು ಹೋದರೆ ಎದ್ದು ನಿಂತು, ಯಾರೋ ಅಧಿಕಾರಿ ಬಂದರೆಂಬಂತೆ ಸೆಟೆದು ನಮಸ್ಕರಿಸುತ್ತಿದ್ದ.

ಇದನ್ನು ನಿಭಾಯಿಸುವುದು ಎನ್ನುವುದಾದರೆ, ನಿಭಾಯಿಸಿದೆ.

ಕಳೆದ ವಾರ ಫಲಕದ ಕೊನೆಯ ವಾಕ್ಯವನ್ನು ಹೊಡೆದುಹಾಕಿ ಬೇರೆ ಬರೆದೆ: “ಯಾರಿಗೆ ಕಷ್ಟವಾಗುವುದೆಂದು ಕೇಳಿದಾಗ ನಾವು ಯಾರೂ ಎದ್ದು ಹೇಳಲಿಲ್ಲ. ಕಷ್ಟವಾಯಿತು.” ಸಮಿತಿಯ ಅಧ್ಯಕ್ಷ ಕ್ಲಿಫರ್ಡ್ ಆಗರ್ ಎಂಬವರು ನಿನಗೆ ಗೊತ್ತಿರಲಾರರು, ಬ್ಯಾಂಕಿನಿಂದ ನಿವೃತ್ತರಾಗಿ ಇಲ್ಲಿಗೆ ಬಂದವರು. ಓದಿ ಕನ್ನಡಕವನ್ನು ತೆಗೆದರು.

“ಚಹಾ ಕುಡಿಯೋಕೆ ಬಂದೋರು ತಪ್ಪಿತಸ್ಥರ ಹಾಗೆ ಎದ್ದು ಹೋಗ್ಬೇಕಾ, ವಿನಿಫ್ರೆಡ್?”

“ತಪ್ಪು ಮಾಡಿದ್ರೆ ಹೋಗ್ಲಿ” ಎಂದೆ.

“ಹಳೇದನ್ನೆಲ್ಲ ಯಾಕೆ ಕೆದಕ್ತೀರಿ? ‘ಹೋರಾಡಿದರು’ ಅಂತಿದ್ರೆ ಎಲ್ಲರಿಗೂ ಸಂತೋಷ.”

“ನೀವು ಆಗ ಇಲ್ಲಿರಲಿಲ್ಲ.”

“ಅದಕ್ಕೇ ನನಗೆ ಸರಿಯಾಗಿ ಕಾಣತ್ತೆ” ಎಂದರು!

ಕೈಯೆತ್ತಿಸಿದರು. ನನ್ನ ಪರವಾಗಿ ಎದ್ದುದು ನನ್ನ ಕೈಯೊಂದೇ. ಜೋನಸ್ ಮೆಟ್‌ಕಾಫ್ ಅಲ್ಲಿಯೇ ಕುಳಿತಿದ್ದ, ಕೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದ. ಹಳೆಯ ವಾಕ್ಯವನ್ನೇ ಬಣ್ಣದವನಿಂದ ಬರೆಸಿದ್ದಾರೆ. ಆದರೂ ಪ್ರಾರಂಭೋತ್ಸವದ ದಿನ ಅದನ್ನು ಗಟ್ಟಿಯಾಗಿ ಓದಬೇಕಾದವಳು ನಾನೇ. ಮುದುಕಿಯ ಬಾಯಿಂದ ಕೇಳಿದರೆ ಚೆನ್ನಾಗಿರುವುದಂತೆ.

ನೀನು ಬರುವೆಯಾ?

ವಿನ್ನಿ


ಯಾರ್ಕ್
ಸೆಪ್ಟೆಂಬರ್ ೨೬, ೧೯೮೪

ವಿನ್ನಿ,

ಬರುವುದಿಲ್ಲ. ಆ ವಾಕ್ಯದ ಕೆಳಗೆ ನಿಂತು ಚಹಾ ಕುಡಿಯಲಾರೆ.

ನೀನು ಅದನ್ನು ಓದುವೆಯಾ?

ಎನಿಡ್


ವಿದರ್ಬೆಕ್
ಅಕ್ಟೋಬರ್ ೭, ೧೯೮೪

ಎನಿಡ್,

ಓದಲಿಲ್ಲ.

ನಿನ್ನೆ ಬಿಸಿಲಿತ್ತು. ಹಳಿಗಳಿದ್ದಲ್ಲಿ ಹುಲ್ಲು ಹಾಸಿ ಕುರ್ಚಿಗಳನ್ನು ಹಾಕಿದ್ದರು. ಕೊನೆಯ ರೈಲಿನ ದಿನ ಬಂದಷ್ಟೇ ಜನ. ಇವರಿಗೆ ಏನಾದರೂ ಸಾಯಬೇಕು, ಇಲ್ಲವೇ ಹುಟ್ಟಬೇಕು, ಆಗ ಬರುತ್ತಾರೆ. ಕ್ಲಿಫರ್ಡ್ ಪರದೆಯನ್ನು ಎಳೆದರು, ಚಪ್ಪಾಳೆಯಾಯಿತು. ನಾನು ಉಣ್ಣೆ, ಹಾಲು, ಪಾರಿವಾಳಗಳವರೆಗೆ ಓದಿದೆ. ನಿನ್ನ ತಂದೆಯವರ ಗುಲಾಬಿಗಳವರೆಗೆ ಓದಿದೆ. ಬುಧವಾರ ಎರಡು ಸಲ ಎಂಬಲ್ಲಿಗೆ ಓದುವುದನ್ನು ಬಿಟ್ಟು ಜನರತ್ತ ತಿರುಗಿದೆ.

“ಇಲ್ಲಿಂದ ಮುಂದೆ ಇರೋದು ಸುಳ್ಳು” ಎಂದೆ. “ಯಾರೂ ಹೋರಾಡಲಿಲ್ಲ. ಕಷ್ಟ ಆಗತ್ತಾ ಅಂತ ಕೇಳಿದ್ರು. ಆಗಲ್ಲ ಅಂದ್ವಿ.”

ಕ್ಲಿಫರ್ಡ್ ನನ್ನ ತೋಳನ್ನು ಮುಟ್ಟಿದರು. ಕೊಡವಿದೆ.

“ನನಗೆ ಕಷ್ಟ ಆಗ್ತಿತ್ತು. ನನ್ನ ಗಂಡ ಹಡಗಿನಲ್ಲಿರಲಿಲ್ಲ. ಥಾರ್ಸ್‌ಬಿ ಗುಡ್ಡದ ಆಸ್ಪತ್ರೇಲಿದ್ದ. ಬುಧವಾರ ನಾನು ಹೋಗ್ತಿದ್ದದ್ದು ಅಲ್ಲಿಗೆ. ರೈಲು ನಿಂತ ಮೇಲೆ ಅವನಿಗೆ ನನ್ನ ಗುರುತು ಹೋಯ್ತು.”

ಆಗ ಮುಂದಿನ ಸಾಲಿನ ಗಾಲಿಕುರ್ಚಿಯಿಂದ ಲಂಬ್ ಅಜ್ಜಿಯ ದನಿ ಬಂತು. ಅವಳಿಗೆ ತೊಂಬತ್ತು ದಾಟಿದೆ. ಕಿವಿ ಕೇಳಿಸದೆಂದು ತಿಳಿದಿದ್ದೆವು.

“ಹಡಗಿಲ್ಲ ಅಂತ ನಮಗೆಲ್ಲ ಗೊತ್ತಿತ್ತು ಕಣೇ ವಿನ್ನಿ. ಫೆಬ್ರವರೀಲಿ ಬಿಸಿಲು ಅಂತ ಯಾರಾದ್ರೂ ಪರದೆ ಇಳಿಸ್ತಾರಾ?”

ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಜೋನಸ್ ನೆಲ ನೋಡಿದ. ಅಂಚೆಯ ಮನೆಯವಳು ನೆಲ ನೋಡಿದಳು. ಹಳಬರೆಲ್ಲರೂ ನೆಲ ನೋಡಿದರು. ಎಲ್ಲರಿಗೂ ತಿಳಿದಿತ್ತು, ಎನಿಡ್! ನಿನಗೊಬ್ಬಳಿಗೆ ತಿಳಿದಿರಲಿಲ್ಲ. ಪ್ರತಿ ಬುಧವಾರ “ಸಂತೆ ಹೇಗಿತ್ತು ವಿನ್ನಿ?” ಎಂದು ಕೇಳುತ್ತಿದ್ದವರೆಲ್ಲ ತಿಳಿದೇ ಕೇಳುತ್ತಿದ್ದರು. ನನ್ನ ಮಾನವನ್ನು ಉಳಿಸಿದರಂತೆ. ನಿನ್ನ ತಂದೆ ನಿಲ್ದಾಣವನ್ನೇ ಕೊಟ್ಟು ಕಾಪಾಡಿದ ಗುಟ್ಟು ಗುಟ್ಟಾಗಿಯೇ ಇರಲಿಲ್ಲ.

“ಗೊತ್ತಿದ್ದೂ ಯಾಕೆ ಸುಮ್ನಿದ್ರಿ?” ಎಂದು ಕೂಗಿದೆ. ಕೂಗಿದೆ, ಎನಿಡ್, ಹಬ್ಬದ ಟೋಪಿ ಧರಿಸಿಕೊಂಡು.

“ನೀನೇ ಹೇಳ್ಕೋಬೇಕಿತ್ತಲ್ಲಮ್ಮ” ಎಂದಳು ಅಜ್ಜಿ. ಮತ್ತೆ, “ನನ್ನ ಕಾಲೂ ನೋಯ್ತಿತ್ತು. ವಿಪರೀತ ನೋಯ್ತಿತ್ತು. ಅದನ್ನೂ ಬರ್ಕೊಳ್ಳಿ” ಎಂದು ಕ್ಲಿಫರ್ಡ್ ಅವರತ್ತ ಕೋಲನ್ನು ಚಾಚಿದಳು.

ಜೋನಸ್ ಏನೋ ಗೊಣಗಿದ. ರೈಲು ನಿಂತು ಪಾರಿವಾಳಗಳನ್ನು ಮಾರಿದ ಮೇಲೆ ತನ್ನ ಹೆಂಡತಿಯೊಡನೆ ಮಾತಾಡಲು ಅವನಿಗೆ ಏನೂ ಉಳಿಯಲಿಲ್ಲವಂತೆ. ಜನ ನಗಲಿಲ್ಲ. ನಕ್ಕಿದ್ದರೆ ನಾನು ಕುರ್ಚಿಯನ್ನು ಎತ್ತಿ ಎಸೆಯುತ್ತಿದ್ದೆ.

ಬಣ್ಣದವನನ್ನು ಸೋಮವಾರ ಕರೆಸುತ್ತಾರೆ. ಫಲಕದಿಂದ ಆ ವಾಕ್ಯವನ್ನು ಅಳಿಸುವುದು ಎಂದಾಗಿದೆ. ಆ ಜಾಗದಲ್ಲಿ ಏನು ಬರೆಯಬೇಕೆಂದು ನಿನ್ನನ್ನು ಕೇಳಬೇಕೆಂದು ನಾನು ಪಟ್ಟು ಹಿಡಿದಿದ್ದೇನೆ.

ವಿನ್ನಿ


ಯಾರ್ಕ್
ಅಕ್ಟೋಬರ್ ೧೧, ೧೯೮೪

ವಿನ್ನಿ,

ನೀನು ಬರೆದಿದ್ದ ವಾಕ್ಯವನ್ನೇ ಹಾಕಿಸು. ಒಂದಕ್ಷರವನ್ನೂ ಬದಲಿಸಲು ಬಿಡಬೇಡ. ‘ನಾವು ಯಾರೂ’ ಎಂಬುದರಲ್ಲಿ ನನ್ನನ್ನೂ ಸೇರಿಸಿಕೊ. ನಾನು ಎಲ್ಲರ ಬಾಯನ್ನೂ ಬಿಡಿಸಲು ಹೊರಟವಳು. ಅಪ್ಪನ ಮನೆ ಹೋದರೆ ನನ್ನ ಮನೆಯೂ ಹೋಗುವುದು, ನನಗೆ ಕಷ್ಟವಾಗುವುದು ಎಂದು ನಾನೂ ಆ ದಿನ ಎದ್ದು ಹೇಳಲಿಲ್ಲ.

ಅವರೆಲ್ಲರಿಗೂ ತಿಳಿದಿತ್ತೆಂದು ಓದಿದಾಗ ಕೈಗೆ ಸಿಕ್ಕಿದ ತಟ್ಟೆಯನ್ನು ನೆಲಕ್ಕೆ ಎಸೆದೆ. ಒಳ್ಳೆಯ ತಟ್ಟೆ. ಪಶ್ಚಾತ್ತಾಪವಿಲ್ಲ.

ಗಂಟೆಯನ್ನು ತರುತ್ತೇನೆ. ಆದರೆ ಗಾಜಿನ ಪೆಟ್ಟಿಗೆಯಲ್ಲಿಡಲು ಕೊಡುವುದಿಲ್ಲ. ಹೊರಗೆ ಗೋಡೆಗೆ ಕೊಂಡಿ ಹಾಕಿಸು, ಬೇಕಾದವರು ಬಾರಿಸಲಿ. ಮೊದಲು ನಾನು ಬಾರಿಸುತ್ತೇನೆ, ಬೇಲಿಯ ಬಳಿ ನಿಂತು, ಏರಿನತ್ತ. ನೀನು ನಿನ್ನ ಮನೆಯಲ್ಲಿದ್ದುಕೊಂಡು ಕೇಳಬೇಕು. ಕೇಳಿಸಿದ ಮೇಲೆ ಇಳಿದು ಬಾ. ಜಗಳದಲ್ಲಿ ಇನ್ನೂ ಬಹಳ ಉಳಿದಿದೆ. ಎದುರೆದುರು ಕುಳಿತು ಆಡೋಣ.

ಥಾರ್ಸ್‌ಬಿಯವರೆಗೆ ಈಗಲೂ ರೈಲಿದೆ. ಅಲ್ಲಿಂದ ಮುಂದೆ ಏನೂ ಇಲ್ಲ. ‘ಹೇಗೋ ಬರುತ್ತೇನೆ, ನೀನು ತೊಂದರೆ ತೆಗೆದುಕೊಳ್ಳಬೇಡ’ ಎಂದು ಬರೆದಿದ್ದೆ. ಆ ಹಾಳೆಯನ್ನು ಹರಿದು ಇದನ್ನು ಮತ್ತೆ ಬರೆಯುತ್ತಿದ್ದೇನೆ. ನನ್ನ ಮಂಡಿ ಸವೆದಿದೆ, ಗಂಟೆ ಭಾರವಾಗಿದೆ, ಅಷ್ಟು ದೂರ ನಡೆಯಲು ನನ್ನಿಂದ ಆಗುವುದಿಲ್ಲ. ನನಗೆ ಕಷ್ಟವಾಗುತ್ತದೆ. ಯಾರದಾದರೂ ಕಾರನ್ನು ಕೇಳಿ ತೆಗೆದುಕೊಂಡು ಥಾರ್ಸ್‌ಬಿಗೆ ಬಂದು ನನ್ನನ್ನು ಕರೆದುಕೊಂಡು ಹೋಗು.

ಬುಧವಾರ ಬರುತ್ತೇನೆ.

ನಿನ್ನ,
ಎನಿಡ್